ನುಗ್ಗೆ ನಕ್ಷತ್ರದ ಆರನೆಯ ಕೈ

ಕಳೆದ ತಿಂಗಳು ನೆಂಟರ ಮದುವೆಗೆಂದು ಗುಂಡ್ಲುಪೇಟೆಗೆ ಹೋಗಿದ್ದೆ. ಊಟಿ ರಸ್ತೆಯೂ ಕೇರಳದ ರಸ್ತೆಯೂ ಬೇರೆಯಾಗುವ ಕಡೆ ಆಟೋಗೆ ಕಾಯುತ್ತಾ ನಿಂತಿದ್ದಾಗ ಮೀನಿನ ಲಾರಿಯೊಂದು ರಸ್ತೆಯುಬ್ಬು ಹತ್ತಿ ಇಳಿಯಿತು. ಹಿಂದಿನ ಬಾಗಿಲ ಸಂದಿಯಿಂದ ಐಸು ಕರಗಿದ ನೀರು ಚಿಮ್ಮಿ, ಇಸ್ತ್ರಿ ಮಾಡಿಸಿದ್ದ ನನ್ನ ಬಿಳಿ ಪಂಚೆಯನ್ನು ಮೊಣಕಾಲಿನವರೆಗೆ ತೋಯಿಸಿತು. ಮದುವೆ ಲಿಂಗಾಯತರದು. ಹೆಣ್ಣಿನ ಅಜ್ಜ ಮೊಟ್ಟೆ ಎಂಬ ಮಾತು ಕೇಳಿದರೇ ಮೂಗಿಗೆ ಹೆಗಲ ವಲ್ಲಿ ಹಿಡಿಯುವವರು.

ಇಂಥ ಹೊತ್ತಿನಲ್ಲಿ ಬುದ್ಧಿ ನೆಟ್ಟಗಿರುವವರು ಡ್ರೈವರನಿಗೆ ಬಯ್ಯುತ್ತಾರೆ. ನಾನು ಕೈ ಅಡ್ಡ ಹಿಡಿದು ಲಾರಿ ನಿಲ್ಲಿಸಲು ಹೋದೆ. ಬಯ್ಯುವುದಕ್ಕಲ್ಲ, "ಇವತ್ತಾದರೂ ನಕ್ಷತ್ರ ಇದೆಯೇನಪ್ಪ?" ಎಂದು ಕೇಳುವುದಕ್ಕೆ. ಯಾವುದೋ ಕಾಲದಲ್ಲಿ ಕೈಗೆ ಹತ್ತಿದ್ದ ಚಟ, ಮೀನು ನೀರಿನ ವಾಸನೆ ಮೂಗಿಗೆ ಬಿದ್ದ ಕೂಡಲೇ ನನ್ನನ್ನು ಕೇಳದೆ ಎದ್ದು ಬಂದಿತ್ತು. ಪುಣ್ಯಕ್ಕೆ ಲಾರಿ ನಿಲ್ಲಲಿಲ್ಲ. ನಾನು ಮಾತ್ರ ನಡುರಸ್ತೆಯಲ್ಲಿ ಕೈ ಎತ್ತಿಕೊಂಡು, ತೊಂಬತ್ತರ ದಶಕದ ಒಂದು ಚಳಿಗಾಲದಲ್ಲಿ ನಿಂತುಬಿಟ್ಟೆ.

ಆಗಿನ್ನೂ ಚಾಮರಾಜನಗರ ಜಿಲ್ಲೆಯಾಗಿರಲಿಲ್ಲ. ಎಲ್ಲದಕ್ಕೂ ಮೈಸೂರೇ ದಿಕ್ಕು. ಎಂ.ಎಸ್ಸಿ. ಮುಗಿಸಿ ಉಮ್ಮತ್ತೂರಿನ ಮನೆಯ ಜಗಲಿಯಲ್ಲಿ ಕೂತಿದ್ದ ನನ್ನನ್ನು ಗುಂಡ್ಲುಪೇಟೆಯ ಹೊಸ ಕಾಲೇಜೊಂದು ಪ್ರಾಣಿಶಾಸ್ತ್ರ ಹೇಳಿಕೊಡಲು ಅರೆಕಾಲಿಕವಾಗಿ ಕರೆಯಿತು. ಅರೆಕಾಲಿಕ ಎನ್ನುವುದು ಸಂಬಳಕ್ಕೆ ಮಾತ್ರ. ಕೆಲಸ ಪೂರ್ಣಾವಧಿ, ಚಿಂತೆ ಓವರ್‌ಟೈಮು. ಆ ವರ್ಷ ನಮ್ಮ ಮೊದಲ ಬಿಎಸ್ಸಿ ತಂಡ ಪ್ರಥಮ ವರ್ಷದ ಪರೀಕ್ಷೆ ಬರೆಯಬೇಕಿತ್ತು. ಪ್ರಾಯೋಗಿಕ ಪರೀಕ್ಷೆ ನಮ್ಮಲ್ಲೇ ನಡೆಯಬೇಕಾದರೆ ವಿಶ್ವವಿದ್ಯಾಲಯದ ಸಮಿತಿ ಬಂದು ಲ್ಯಾಬು ನೋಡಿ ಒಪ್ಪಬೇಕು. ಲ್ಯಾಬು ಒಪ್ಪಿಗೆಯಾಗಲು ಪುಸ್ತಕದಲ್ಲಿರುವ ಪ್ರತಿ ವರ್ಗದ ಪ್ರಾಣಿಯೂ ಒಂದೊಂದಾದರೂ ಸೀಸೆಯಲ್ಲಿರಬೇಕು. ಇಲ್ಲದಿದ್ದರೆ ಎಲ್ಲರೂ ಮೈಸೂರಿಗೆ ಹೋಗಿ ಬರೆಯಬೇಕು.

ಸೀಸೆಗಳನ್ನು ಮೈಸೂರಿನ ಸರಬರಾಜುದಾರನೊಬ್ಬ ಕಳಿಸಿದ್ದ. ಜಿಗಣೆ, ಏಡಿ, ಜೆಲ್ಲಿ ಮೀನು, ಸಮುದ್ರ ಸೌತೆ ಎಲ್ಲ ಸರಿಯಾಗಿದ್ದವು. ಒಂದು ಸೀಸೆಗೆ ಮಾತ್ರ 'ಬ್ರಿಟಲ್ ಸ್ಟಾರ್' ಎಂಬ ಚೀಟಿ ಅಂಟಿಸಿ ಒಳಗೆ ಇನ್ನೊಂದು ಸಮುದ್ರ ನಕ್ಷತ್ರ ತುಂಬಿದ್ದ. ಫೋನಿನಲ್ಲಿ ಕೇಳಿದರೆ, "ಎರಡೂ ಸ್ಟಾರೇ ಅಲ್ವಾ ಸಾರ್, ಅಡ್ಜಸ್ಟ್ ಮಾಡ್ಕೊಳಿ" ಎಂದ.

ಅಡ್ಜಸ್ಟ್ ಮಾಡಿಕೊಳ್ಳುವುದು ಹೇಗೆ? ಸಮುದ್ರ ನಕ್ಷತ್ರ ದಪ್ಪ ಕೈಗಳ ಸೋಮಾರಿ ಪ್ರಾಣಿ, ಹೆಂಚಿನ ಮೇಲೆ ಅಂಟಿದ ರೊಟ್ಟಿಯಂತೆ ಬಿದ್ದಿರುತ್ತದೆ. ಬ್ರಿಟಲ್ ಸ್ಟಾರ್ ಹಾಗಲ್ಲ. ನಡುವೆ ಅಂಗಿಯ ಗುಂಡಿಯಷ್ಟು ಮೈ, ಅದರಿಂದ ಹೊರಟ ಐದು ತೆಳುವಾದ ಉದ್ದ ಕೈಗಳು, ಪ್ರತಿ ಕೈಯೂ ಹಾವಿನ ಮರಿಯಂತೆ ಬಳುಕುವಂಥದ್ದು. ಯಾರಾದರೂ ಹಿಡಿದರೆ ಹಿಡಿದ ಕೈಯನ್ನೇ ಕಳಚಿಕೊಟ್ಟು ಓಡಿಹೋಗುತ್ತದೆ. ಕಳೆದ ಕೈ ಮತ್ತೆ ಬೆಳೆಯುತ್ತದೆ.

ತರಗತಿಯಲ್ಲಿ ಈ ಪಾಠ ಮಾಡಿದ ದಿನ ಒಬ್ಬ ಹುಡುಗ 'ಬ್ರಿಟಿಷ್ ಸ್ಟಾರ್' ಎಂದು ಬರೆದುಕೊಂಡಿದ್ದ. "ಬ್ರಿಟಿಷರು ಬಿಟ್ಟು ಹೋದದ್ದಲ್ಲ ಕಣಯ್ಯ, ಬ್ರಿಟಲ್, ಬ್ರಿಟಲ್" ಎಂದೆ.

"ಬ್ರಿಟಲ್ ಅಂದ್ರೆ ಏನ್ ಸಾ?" ಎಂದು ಕೇಳಿದವಳು ಮಾದೇವಿ. ಹಂಗಳದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿ. ಮನೆಯಲ್ಲಿ ಹೂ ಕಟ್ಟಿ, ಅದನ್ನು ಬಸ್ ಸ್ಟ್ಯಾಂಡಿನ ಅಂಗಡಿಗೆ ಕೊಟ್ಟು ಕಾಲೇಜಿಗೆ ಬರುವಳು. ಅವಳ ಪುಸ್ತಕಗಳೆಲ್ಲ ಕಾಕಡ ಹೂವಿನ ವಾಸನೆ.

"ಪೆಳುಸು. ಮುಟ್ಟಿದರೆ ಲಟಕ್ಕಂತ ಮುರಿಯೋದು."

"ನುಗ್ಗೆ ಕೊಂಬೆ ಅಂಗಾ ಸಾ?"

"ಹೂಂ, ನುಗ್ಗೆ ಕೊಂಬೆ ಥರ."

ಆವತ್ತಿನಿಂದ ಅದು 'ನುಗ್ಗೆ ನಕ್ಷತ್ರ'ವಾಯಿತು. ಲ್ಯಾಟಿನ್ ಹೆಸರು ಬಾಯಿಪಾಠ ಮಾಡಿಸಲು ನಾನು ಪಟ್ಟ ಪಾಡೆಲ್ಲ ಬೋರ್ಡಿನ ಸೀಮೆಸುಣ್ಣದ ಜೊತೆ ಅಳಿಸಿ ಹೋಯಿತು.

ವಾಸಸ್ಥಾನದ ಪಾಠ ಇನ್ನೂ ಕಷ್ಟದ್ದು. ಬಂಡೆಗಳ ಸಂದಿಯಲ್ಲಿ, ಸ್ಪಂಜಿನ ತೂತುಗಳಲ್ಲಿ, ಬೀಸಣಿಗೆಯಂತೆ ಕವಲೊಡೆದ ಹವಳದ ಪೊದೆಗಳನ್ನು ಅಪ್ಪಿಕೊಂಡು ಇವು ಬದುಕುತ್ತವೆ. ಹಗಲೆಲ್ಲ ಅಡಗಿದ್ದು ಬೆಳಕು ಹೋದ ಮೇಲೆ ಕೈ ಹೊರಗೆ ಚಾಚಿ, ನೀರಿನಲ್ಲಿ ತೇಲಿ ಬರುವ ಚೂರುಪಾರು ಹಿಡಿದು ತಿನ್ನುತ್ತವೆ. ಕೆಲವು ಕೆಸರಿನಲ್ಲಿ ಮೈ ಹೂತುಕೊಂಡು ಕೈಯ ತುದಿ ಮಾತ್ರ ಹೊರಗಿಟ್ಟಿರುತ್ತವೆ. ಸೂರ್ಯನೇ ಇಳಿಯದ ಆಳದಲ್ಲಿ ನೆಲ ಕಾಣದಂತೆ ಹಾಸಿಕೊಂಡಿರುತ್ತವೆ ಎಂದು ಹೇಳಿದೆ. ಅಡಗಿಕೊಂಡಿರುವುದು, ಮುಟ್ಟಿದರೆ ಕೈ ಬಿಟ್ಟು ಓಡುವುದು. ಹೇಳುತ್ತಾ ಹೇಳುತ್ತಾ ಆ ಪ್ರಾಣಿಯ ಮೇಲೆ ನನಗೆ ಅಕ್ಕರೆ ಬಂತು. ಸ್ವಭಾವ ನನ್ನದೇ.

ಅಷ್ಟರಲ್ಲಿ ಮಾದೇವಿ ಎದ್ದು ನಿಂತಳು. "ಸಾ, ನೀವು ಸಮುದ್ರ ನೋಡಿದೀರಾ?"

ನೋಡಿರಲಿಲ್ಲ. ಎಂ.ಎಸ್ಸಿ.ಯಲ್ಲಿದ್ದಾಗ ಮಂಗಳೂರಿಗೆ ಪ್ರವಾಸ ಹೊರಟಿದ್ದರು. ಘಟ್ಟದಲ್ಲಿ ಬಸ್ಸು ಉರುಳಿದರೆ ಎಂದು ಹೆದರಿ ನಾನು ಜ್ವರ ಬರಿಸಿಕೊಂಡು ಉಳಿದಿದ್ದೆ. "ಪುಸ್ತಕದಲ್ಲಿ ಬೇಕಾದಷ್ಟು ನೋಡಿದೀನಿ, ಕೂತ್ಕೊ" ಎಂದೆ. ಹಿಂದಿನ ಬೆಂಚಿನಿಂದ ಯಾರೋ "ಅಂಗಾರೆ ನಾವೂ ನೋಡಿದ್ದೀವಿ ಬುಡ್ಲಾ" ಎಂದದ್ದು ಕೇಳಿಸಿತು.

ಮಾಗಿಯ ಚಳಿ ಹಿಡಿದುಕೊಂಡ ಹೊತ್ತಿಗೆ ಮಾದೇವಿಯ ಅಪ್ಪ ರಾಚಯ್ಯ ಕಾಲೇಜಿಗೆ ಬಂದ. ತಲೆಗೆ ಮಫ್ಲರು, ಬೆಳಿಗ್ಗೆಯೇ ಹೂವಿನ ಹೊಲದಲ್ಲಿ ದುಡಿದು ಬಂದ ಕೈ. ಲ್ಯಾಬಿನ ಬಾಗಿಲಲ್ಲೇ ನಿಂತು ಕೇಳಿದ.

"ಪರೀಕ್ಸೆ ಮೈಸೂರ್ನಲ್ಲಂತಲ್ಲಾ ಮೇಷ್ಟ್ರೇ?"

"ಇಲ್ಲೇ ಮಾಡಿಸೋಕೆ ಪ್ರಯತ್ನ ಮಾಡ್ತಾ ಇದ್ದೀವಿ ರಾಚಯ್ಯ."

"ಮಾಡ್ಸಿ. ಇಲ್ಲಾದ್ರೆ ಬರೀತಾಳೆ. ಮೈಸೂರ್ಗಾದ್ರೆ ನಾನು ಕಳ್ಸಾಕಿಲ್ಲ. ಬೆಳಿಗ್ಗೇನೇ ಸುರುವಂತೆ, ಮುಂಚಿನ್ ದಿನ ರಾತ್ರಿ ಅಲ್ಲೆಲ್ಲಿ ಮಲೀಕತಾಳೆ? ಮೈಸೂರ್ನಲ್ಲಿ ನಮ್ಗೆ ಗೊತ್ತಿರೋದು ದೊಡ್ಡಾಸ್ಪತ್ರೆ ಒಂದೇಯ." ಸ್ವಲ್ಪ ಹೊತ್ತು ಸೀಸೆಗಳನ್ನು ನೋಡಿದ. "ಹೆಣ್ಣುಡ್ಗಿ ಇಷ್ಟ್ ಓದಿದ್ದೇ ಹೆಚ್ಚು. ಆಗ್ಲಿಲ್ಲ ಅಂದ್ರೆ ಇಷ್ಟಕ್ಕೇ ಸಾಕು ಬುಡಿ."

ಅವನು ಹೋದ ಮೇಲೆ ಮಾದೇವಿ 'ಬ್ರಿಟಲ್ ಸ್ಟಾರ್' ಚೀಟಿಯ ಸೀಸೆಯಿಂದ ಆ ತಪ್ಪು ನಕ್ಷತ್ರವನ್ನು ತೆಗೆದಿಟ್ಟಳು. ಖಾಲಿ ಸೀಸೆಯನ್ನು ಎತ್ತಿಕೊಂಡು ಹೋಗಿ ನಲ್ಲಿಯ ಕೆಳಗೆ ತೊಳೆದು ತಂದಿಟ್ಟಳು. ತೊಳೆದ ಸೀಸೆ ನನ್ನ ಮೇಜಿನ ಮೇಲೆ ಹೊಳೆಯುತ್ತಾ ಕೂತಿತು. ಒಬ್ಬ ಹುಡುಗಿಯ ಓದು, ಎಂದೂ ಕಾಣದ ಸಮುದ್ರದ ಒಂದು ಪೆಳುಸು ಪ್ರಾಣಿಯ ಮೇಲೆ ನಿಂತಿತ್ತು. ಪ್ರಿನ್ಸಿಪಾಲರಿಗೆ ಹೇಳಿದರೆ, "ನೀವಿದ್ದೀರಲ್ಲ" ಎಂದರು. ಅದೇ ನನ್ನ ಚಿಂತೆಯೂ ಆಗಿತ್ತು.

ಮೊದಲು ಚಾಮರಾಜನಗರಕ್ಕೆ ಹೋದೆ. ಅಲ್ಲಿನ ಹಳೆಯ ಕಾಲೇಜೊಂದರಲ್ಲಿ ನನಗೆ ಗೊತ್ತಿದ್ದ ಮೇಷ್ಟ್ರೊಬ್ಬರಿದ್ದರು. ಬೀರು ತೆಗೆದು, ಯಾವ ಕಾಲದ್ದೋ ಒಂದು ಬ್ರಿಟಲ್ ಸ್ಟಾರನ್ನು, ಗಾಜಿನ ಪಟ್ಟಿಗೆ ದಾರದಿಂದ ಕಟ್ಟಿ ಫಾರ್ಮಲಿನ್‌ನಲ್ಲಿ ಮುಳುಗಿಸಿಟ್ಟದ್ದನ್ನು, ಮಗಳನ್ನು ಗಂಡನ ಮನೆಗೆ ಕಳಿಸುವವರಂತೆ ನನ್ನ ಕೈಗಿಟ್ಟರು. "ಹೀಗೇ ವಾಪಸ್ ಬರಬೇಕು" ಎಂದರು. ಐದು ಕೈಗಳೂ ನೆಟ್ಟಗಿದ್ದವು. ನೋಡುತ್ತಲೇ ನನಗೆ ಕಣ್ಣು ತುಂಬಿ ಬಂತು. ಸ್ವಲ್ಪ ಫಾರ್ಮಲಿನ್ನಿನಿಂದಲೂ ಇರಬಹುದು.

ಬಸ್ಸಿನಲ್ಲಿ ಸೀಸೆಯನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡೆ. ಕಂಡಕ್ಟರು ಬಗ್ಗಿ ನೋಡಿ, "ಏನ್ ಸಾ, ಉಪ್ಪಿನಕಾಯಾ? ಉಳಿ ವಾಸ್ನೆ ಬತ್ತಾ ಅದೆ" ಎಂದ. ತೆರಕಣಾಂಬಿಯವರೆಗೆ ನಾನು ಉಸಿರು ಬಿಡಲಿಲ್ಲ. ಅಲ್ಲಿಂದಾಚೆಗೆ ರಸ್ತೆ ಮಾಡುತ್ತಿದ್ದರು, ಅಂದರೆ ಇದ್ದ ರಸ್ತೆಯನ್ನು ಕಿತ್ತಿದ್ದರು. ಮೊದಲ ಹಳ್ಳಕ್ಕೆ ನಾನು ಸೀಟಿನಿಂದ ಮೇಲೆ ಹಾರಿದೆ. ಎರಡನೆಯದಕ್ಕೆ ಪಕ್ಕದ ಅಜ್ಜಿಯ ಕೋಳಿ ನನ್ನ ಮೇಲೆ ಹಾರಿತು. ಗುಂಡ್ಲುಪೇಟೆಯಲ್ಲಿ ಇಳಿದು ಟವೆಲು ಬಿಚ್ಚಿದರೆ, ಗಾಜಿನ ಪಟ್ಟಿಯ ಮೇಲೆ ಬರೀ ಗುಂಡಿ ಉಳಿದಿತ್ತು. ಕೈಗಳೆಲ್ಲ ಹುರುಳಿಕಾಯಿ ಹೆಚ್ಚಿ ಹಾಕಿದಂತೆ ತಳದಲ್ಲಿ ಬಿದ್ದಿದ್ದವು. ಜೋಡಿಸುವುದಕ್ಕೂ ಆಗದಷ್ಟು ಚೂರು. ಈಗ ನನಗೆ ಒಂದಲ್ಲ, ಎರಡು ನಕ್ಷತ್ರ ಬೇಕಾಯಿತು.

ಆಗಲೇ ಮೀನಿನ ಲಾರಿಗಳ ಯೋಚನೆ ಹೊಳೆದದ್ದು. ನಮ್ಮ ತರಕಾರಿ ಗುಂಡ್ಲುಪೇಟೆಯಿಂದ ಬಂಡೀಪುರಕ್ಕೆ ಸೇರಿದ ಮದ್ದೂರಿನ ಕಾಡು ದಾಟಿ ಕೇರಳಕ್ಕೆ ಇಳಿಯುತ್ತದೆ. ಅವರ ಮೀನು ಅದೇ ದಾರಿಯಲ್ಲಿ ಹತ್ತಿ ಮೈಸೂರಿಗೆ ಹೋಗುತ್ತದೆ. ಬಲೆಗೆ ಮೀನಿನ ಜೊತೆ ಸಮುದ್ರದ ತಳದ ಕಸವೂ ಸಿಗುತ್ತದಲ್ಲ, ಆ ಕಸವೇ ನನಗೆ ಬೇಕಾದದ್ದು. ಲಾರಿಗಳು ಟೀಗೆ ನಿಲ್ಲುತ್ತಿದ್ದ ಕೇರಳ ರಸ್ತೆಯ ಹೋಟೆಲಿನ ಮುಂದೆ, ಬೆಳಗಿನ ಮಂಜಿನಲ್ಲಿ, ಕಿವಿಗೆ ಟವೆಲು ಸುತ್ತಿಕೊಂಡು ನಿಲ್ಲತೊಡಗಿದೆ. ಹುಟ್ಟಿದಂದಿನಿಂದ ಮೀನು ಮುಟ್ಟದ ಮನುಷ್ಯ. ವಾಸನೆ ತಡೆಯಲಾರದೆ ಬಾಯಿಯಲ್ಲಿ ಲವಂಗ ಇಟ್ಟುಕೊಳ್ಳುತ್ತಿದ್ದೆ.

ಡ್ರೈವರುಗಳಲ್ಲಿ ನನ್ನ ಮಾತಿಗೆ ಕಿವಿಗೊಟ್ಟವನು ಮೊಯ್ದು ಎಂಬ ಕೋಳಿಕ್ಕೋಡಿನವನೊಬ್ಬನೇ. ಅವನಿಗೆ ಕನ್ನಡ ಅರೆಬರೆ, ನನಗೆ ಮಲಯಾಳ ಅದೂ ಇಲ್ಲ. "ಸ್ಟಾರ್" ಎಂದೆ. ಮುಂದಿನ ಸಲ ಸಮುದ್ರ ನಕ್ಷತ್ರ ತಂದ. ಅದಲ್ಲ ಎಂದೆ. ಕುದುರೆ ಮೀನು ತಂದ. ಅದಲ್ಲ. ಎಂಥದೋ ಮುಳ್ಳು ಮುಳ್ಳಾದ ಸಿಗಡಿ ತಂದ. ಅದೂ ಅಲ್ಲ. ಕೊನೆಗೊಮ್ಮೆ, ಬಲೆಯಲ್ಲಿ ಸಿಕ್ಕಿದ್ದೆಂದು ತಲೆಯಿಲ್ಲದ ಪ್ಲಾಸ್ಟಿಕ್ ಬೊಂಬೆ ತಂದು, "ಮಾಷೇ, ಇದಿಕ್ಕೆ ಕೈ ಉಂಟು, ಕಾಲು ಉಂಟು" ಎಂದ. ನಾನು ರೇಗಿಹೋಗಿ ಅಂಗೈ ಎತ್ತಿ, ಐದೂ ಬೆರಳುಗಳನ್ನು ಅವನ ಮುಖದ ಮುಂದೆ ಬಳುಕಿಸಿ ತೋರಿಸಿದೆ.

ಮೊಯ್ದುವಿನ ಕಣ್ಣು ಅರಳಿತು. "ಪಾಂಬು ಪೋಲೆ?" ಹಾವಿನ ಥರವಾ ಎಂದು.

"ಹೂಂ, ಪಾಂಬು, ಪಾಂಬು!"

ಆಮೇಲೆ ಬಹಳ ದಿನ ಅವನ ಲಾರಿ ಬರಲಿಲ್ಲ. ಸಮಿತಿ ಬರುವ ದಿನ ಮಾತ್ರ ಹತ್ತಿರ ಬರುತ್ತಿತ್ತು. ಮಾದೇವಿ ದಿನಾ ಬೆಳಿಗ್ಗೆ ಖಾಲಿ ಸೀಸೆ ನೋಡುವಳು, ನನ್ನ ಮುಖ ನೋಡುವಳು, ಸುಮ್ಮನೆ ಹೋಗಿ ಕೂರುವಳು. ಕೇಳಿದ್ದರೆ ಬೈದು ಹಗುರಾಗಬಹುದಿತ್ತು. ಕೇಳುತ್ತಿರಲಿಲ್ಲ.

ಒಂದು ಬೆಳಿಗ್ಗೆ ಮೊಯ್ದು ಲಾರಿಯನ್ನು ಪೂರ್ತಿ ನಿಲ್ಲಿಸುವ ಮೊದಲೇ ಕಿಟಕಿಯಿಂದ ಅರ್ಧ ಹೊರಗೆ ಬಂದು ಕೂಗಿದ. "ಮಾಷೇ! ಉಂಡು! ಉಂಡು!"

ಮಲಯಾಳದಲ್ಲಿ 'ಉಂಡು' ಎಂದರೆ 'ಇದೆ'. ಹೋಟೆಲಿನಲ್ಲಿ ಟೀ ಕುಡಿಯುತ್ತಿದ್ದ ನಮ್ಮವರಿಗೆ ಅದು 'ಉಂಡು' ಎಂದೇ ಕೇಳಿಸಿತು. ನಾನು ಲಾರಿಯ ಹಿಂದೆ ಹತ್ತಿ ಐಸಿನೊಳಗೆ ಮೊಣಕೈವರೆಗೆ ಕೈ ಹಾಕಿ, ನಗುತ್ತಾ, ಬುಟ್ಟಿ ಹಿಡಿದುಕೊಂಡು ಇಳಿದದ್ದನ್ನೂ ನೋಡಿದರು. ಕಾಲೇಜು ತಲುಪುವ ಮೊದಲೇ ಮೇಷ್ಟ್ರು ಮೀನು ಉಂಡ ಸುದ್ದಿ ಊರು ತಲುಪಿತ್ತು.

ಬುಟ್ಟಿಯಲ್ಲಿದ್ದದ್ದು ಹಳದಿ ಸ್ಪಂಜಿನ ಒಂದು ಮುದ್ದೆ. ಅದರ ತೂತು ತೂತುಗಳಲ್ಲಿ, ಸುತ್ತಿಕೊಂಡು, ಅಡಗಿಕೊಂಡು, ನುಗ್ಗೆ ನಕ್ಷತ್ರಗಳು. ಐಸಿನಲ್ಲಿ ಸತ್ತು ಸೆಟೆದಿದ್ದರೂ ಹಿಡಿತ ಬಿಟ್ಟಿರಲಿಲ್ಲ. ನಾನು ಪುಸ್ತಕದಲ್ಲಿ ಓದಿ ಹೇಳಿದ್ದ ವಾಸಸ್ಥಾನ ಎಂದರೆ ಇದು. ಇಷ್ಟು ಹತ್ತಿರ, ಇಷ್ಟು ತಣ್ಣಗೆ, ಇಷ್ಟು ನಾರುತ್ತಾ. ಮಕ್ಕಳೆಲ್ಲ ಮುತ್ತಿಕೊಂಡರು. ಮಾದೇವಿ ಸ್ಪಂಜನ್ನು ಮೂಸಿ ನೋಡಿ, "ಸಮುದ್ರ ಇಂಗಾ ಇರದು ಸಾ?" ಎಂದಳು. ನನಗೆ ಹೇಗೆ ಗೊತ್ತು?

ಒಂದೊಂದನ್ನೇ ಬಿಡಿಸತೊಡಗಿದೆ. ಮೊದಲನೆಯದು ಮುರಿಯಿತು. ಎರಡನೆಯದು ಮುರಿಯಿತು. ನಾನು ಉಸಿರಾಡಿದರೆ ಮುರಿಯುತ್ತಿತ್ತು, ಉಸಿರು ಹಿಡಿದರೆ ಕೈ ನಡುಗಿ ಮುರಿಯುತ್ತಿತ್ತು. ಕೊನೆಗೆ ಉಳಿದದ್ದು ಕೈಗಳಿಲ್ಲದ ಗುಂಡಿಗಳು, ಗುಂಡಿಗಳಿಲ್ಲದ ಕೈಗಳು. ಕೋಪ ಬಂದು ಇಕ್ಕಳವನ್ನು ಸಿಂಕಿಗೆ ಎಸೆದೆ.

"ಕೊಡಿ ಸಾ, ನಾನ್ ಕಟ್ತೀನಿ" ಎಂದಳು ಮಾದೇವಿ. "ಕಾಕಡಾನೂ ಇಂಗೇಯ, ಗಟ್ಟಿಯಾಗಿಡುದ್ರೆ ತೊಟ್ಟು ಮುರೀತದೆ."

ಚಾಮರಾಜನಗರದ ಮಾದರಿಯಂತೆ ಗಾಜಿನ ಪಟ್ಟಿಯ ಮೇಲೆ ಕಟ್ಟುವುದೆಂದಾಯಿತು. ಇದ್ದುದರಲ್ಲಿ ಚೆನ್ನಾದ ಗುಂಡಿಯೊಂದನ್ನು, ಬುಡದಿಂದ ತುದಿಯವರೆಗೆ ಉಳಿದಿದ್ದ ಕೈಗಳನ್ನು ಆರಿಸಿ ತಟ್ಟೆಯಲ್ಲಿ ಅವಳ ಮುಂದಿಟ್ಟೆ. ಐದು ಇಟ್ಟ ಮೇಲೆ ಯೋಚನೆ ಹತ್ತಿತು, ಕಟ್ಟುವಾಗ ಒಂದು ಮುರಿದರೆ? ಇರಲಿ ಎಂದು ಇನ್ನೊಂದು ಇಟ್ಟೆ. ಅವಳು ದಾರವನ್ನು ನೀರಿನಲ್ಲಿ ನೆನೆಸಿ, ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಕೂತಳು.

ಅದೇ ಹೊತ್ತಿಗೆ ನನ್ನ ಮನೆಯ ಮಾಲೀಕ ಗುರುಮಲ್ಲಪ್ಪನವರು ಬಂದರು. ಹಿಂಡಿ, ಬೂಸಾ ವ್ಯಾಪಾರ. ಹಣೆ ತುಂಬ ವಿಭೂತಿ. ಅವರ ಮಹಡಿಯ ಕೋಣೆಯನ್ನು ನನಗೆ ಬಾಡಿಗೆಗೆ ಕೊಟ್ಟದ್ದೇ ನಾನೂ ಲಿಂಗಾಯತ, ಒಳಗಿನವನು ಎಂಬ ಒಂದು ಕಾರಣಕ್ಕೆ. ವರಾಂಡಕ್ಕೆ ಕರೆದರು.

"ಏನ್ ಮೇಷ್ಟ್ರೇ, ಲಾರಿ ಮೇಲೇ ಕುಂತ್ಕಂಡು ಉಂಡ್ರಂತೆ?"

"ಅಯ್ಯೋ ಅಪ್ಪಾರೇ, ಉಂಡು ಅಂದ್ರೆ ಅವರ ಭಾಷೆಯಲ್ಲಿ ಇದೆ ಅಂತ."

"ಒಟ್ಟೇಲಿ ಅದೆ ಅಂತ್ಲಾ?"

ಅವರನ್ನು ನಂಬಿಸಲು ವಿಕಾಸವಾದದಿಂದ ಶುರುಮಾಡಬೇಕಾಯಿತು. ಕೊನೆಗೆ ಬಾಗಿಲ ಹತ್ತಿರ ಕರೆತಂದು ತಟ್ಟೆಯನ್ನು ತೋರಿಸಿದೆ. ಮೂಗಿಗೆ ವಲ್ಲಿ ಹಿಡಿದು ನೋಡಿದರು.

"ಇದ ಯಾರ್ ತಿಂದಾರು?"

"ಯಾರೂ ತಿನ್ನಲ್ಲ ಅಪ್ಪಾರೇ."

"ಮತ್ಯಾಕ್ ಇಡುದ್ರು?"

ಅಂತೂ ಅವರು ಕೋಣೆ ಬಿಡಿಸಲಿಲ್ಲ. ಆದರೆ ಸಂಜೆ ಹಿತ್ತಲ ಬಚ್ಚಲಲ್ಲಿ ಮಿಂದು, ಅವರ ಕಣ್ಣ ಮುಂದೆ ವಿಭೂತಿ ಧರಿಸಿಯೇ ಮಹಡಿ ಹತ್ತಬೇಕು ಎಂದು ಕಟ್ಟುಮಾಡಿ ಹೋದರು. ಮಾಗಿಯ ಚಳಿ, ತಣ್ಣೀರು.

ನಾನು ಒಳಗೆ ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಎಷ್ಟು ಚೆನ್ನಾಗಿತ್ತೆಂದರೆ, ಸಮುದ್ರದಲ್ಲಿ ಹುಟ್ಟಿದ ನಕ್ಷತ್ರವೂ ಅಷ್ಟು ಓರಣವಾಗಿರಲಾರದು. ತಡಮಾಡದೆ ಫಾರ್ಮಲಿನ್ ತುಂಬಿ, ಮುಚ್ಚಳ ಹಾಕಿ, ಮೇಣ ಕರಗಿಸಿ ಸುತ್ತಲೂ ಬಿಗಿ ಮಾಡಿದೆ. ಮಾದೇವಿ ಬಸ್ಸಿಗೆ ಹೋದ ಮೇಲೆ ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಸುಮ್ಮನೆ ಸಂತೋಷಕ್ಕೆ, ಎಣಿಸಿದೆ.

ಆರು.

ಮಾರನೆಯ ದಿನವೇ ಸಮಿತಿ. ಮೇಣ ಒಡೆದು ಮತ್ತೆ ಬಿಚ್ಚಿದರೆ ಒಂದೂ ಉಳಿಯುವುದಿಲ್ಲ. ಬೆಳಿಗ್ಗೆ ಮಾದೇವಿ ಬರುವುದನ್ನೇ ಕಾದು ಕೇಳಿದೆ.

"ಆರು ಯಾಕೆ ಕಟ್ಟಿದೆ?"

"ನೀವ್ ಕೊಟ್ಟಿದ್ನೆಲ್ಲ ಕಟ್ದೆ ಸಾ."

"ಆರನೇದು ಸ್ಪೇರ್ ಕಣಮ್ಮಿ! ಮುರಿದರೆ ಇರಲಿ ಅಂತ ಕೊಟ್ಟಿದ್ದು!"

"ಯೋಳ್ಬೇಕಿತ್ತು ಸಾ. ಒಂದೂ ಮುರೀಲಿಲ್ವಲ್ಲ ನಂಗೆ." ಸೀಸೆಯನ್ನು ತಿರುಗಿಸಿ ನೋಡಿದಳು. "ಸಮ್ವಾಗಿ ಬಂದದೆ ಅನ್ಕಂಡೆ."

ಸಮವಾಗಿಯೇ ಬಂದಿತ್ತು. ಅದೇ ತೊಂದರೆ.

ಸಮಿತಿಯವರು ಬಂದರು. ನಾನು ಸೀಸೆಯನ್ನು ಬೀರುವಿನ ಮೂಲೆಗೆ, ಸಮುದ್ರ ಸೌತೆಯ ಹಿಂದಕ್ಕೆ ಸರಿಸಿ, ಅದರ ಮುಂದೆ ಗೋಡೆಯಂತೆ ನಿಂತೆ. ಅವರು ಬೀರುವಿನ ಕಡೆ ತಿರುಗಿಯೂ ನೋಡಲಿಲ್ಲ. ನಲ್ಲಿ ತಿರುಗಿಸಿ ನೀರು ಬರುತ್ತದೆಯೇ ನೋಡಿದರು. ಊಟಕ್ಕೆ ಎಲ್ಲಿ ವ್ಯವಸ್ಥೆ ಎಂದು ಕೇಳಿದರು. ಹೊರಡುವಾಗ ಒಬ್ಬರು, "ಎಲ್ಲ ವರ್ಗದ್ದೂ ಇದೆ ತಾನೇ?" ಎಂದರು. "ಇದೆ ಸಾರ್" ಎಂದೆ. "ಸರಿ" ಎಂದು ಜೀಪು ಹತ್ತಿದರು. ಆ ಖಾಲಿ ಸೀಸೆಗೆ ಒಂದು ನುಗ್ಗೆಕಾಯಿ ಹಾಕಿಟ್ಟಿದ್ದರೂ ನಡೆಯುತ್ತಿತ್ತು. ಬಸ್ಸಿನ ಕುಲುಕಾಟ, ಐಸು, 'ಉಂಡು', ತಣ್ಣೀರ ಸ್ನಾನ ಎಲ್ಲ ನೆನೆದು ನನಗೆ ಅಳುವೋ ನಗುವೋ ತಿಳಿಯದೆ ಲ್ಯಾಬಿನ ಸ್ಟೂಲಿನ ಮೇಲೆ ಕೂತುಬಿಟ್ಟೆ. ಅನುಮತಿ ಬಂತು. ರಾಚಯ್ಯ ಮಗಳ ಕೈಯಲ್ಲಿ ಒಂದು ಮಾರು ಸೇವಂತಿಗೆ ಕಳಿಸಿದ. ಅದನ್ನು ಯಾವ ಸೀಸೆಗೆ ಹಾಕಬೇಕೋ ತಿಳಿಯಲಿಲ್ಲ.

ಬಿಸಿಲು ಏರಿ, ಬಂಡೀಪುರದ ಕಡೆಯಿಂದ ಕಾಡಿನ ಬೆಂಕಿಯ ಹೊಗೆ ತೇಲಿ ಬರುತ್ತಿದ್ದ ದಿನಗಳಲ್ಲಿ ಪರೀಕ್ಷೆ. ಹೊರಗಿನ ಪರೀಕ್ಷಕರು ಮೈಸೂರಿನ ಹಿರಿಯರು, ಕಡಿಮೆ ಮಾತಿನವರು. ಗುರುತಿಸಿ ಬರೆಯಲು ಸೀಸೆಗಳನ್ನು ತಾವೇ ಆರಿಸುತ್ತೇನೆ ಎಂದರು. ಬೀರು ತೆರೆದು, ಇದ್ದಷ್ಟು ಸೀಸೆಗಳಲ್ಲಿ ಅವರ ಕೈ ಸಮುದ್ರ ಸೌತೆಯ ಹಿಂದಕ್ಕೇ ಹೋಗಬೇಕೆ? ಹೋಯಿತು. "ಓಹೋ, ಚೆನ್ನಾಗಿ ಮೌಂಟ್ ಮಾಡಿದ್ದೀರಿ" ಎಂದು ಮೇಜಿನ ಮೇಲಿಟ್ಟರು. ಎಣಿಸಲಿಲ್ಲ. ಗೊತ್ತಿದ್ದ ಪ್ರಾಣಿಯ ಕೈಗಳನ್ನು ಯಾರು ಎಣಿಸುತ್ತಾರೆ?

ಮಕ್ಕಳು ಒಬ್ಬೊಬ್ಬರಾಗಿ ಬಂದರು, ನೋಡಿದರು, ಬರೆದರು. ಮಾದೇವಿ ಸೀಸೆಯ ಮುಂದೆ ನಿಂತವಳು ಬರೆಯಲೇ ಇಲ್ಲ. ಹಿಂದಿನವರು ಗೊಣಗತೊಡಗಿದರು. ನಾನು ಹತ್ತಿರ ಹೋದೆ.

"ಸಾ," ಎಂದಳು ಮೆಲ್ಲಗೆ, "ಓದಿದ್ದು ಬರೀಬೇಕಾ, ಕಾಣದು ಬರೀಬೇಕಾ?"

ಎಂ.ಎಸ್ಸಿ. ಓದಿದ ನನಗೆ ಆ ಪ್ರಶ್ನೆಗೆ ಉತ್ತರ ಗೊತ್ತಿರಬೇಕಿತ್ತು. "ಮಾತಾಡಬಾರದು, ಬರಿ" ಎಂದು ಗದರಿ, ಕಿಟಕಿಯ ಬಳಿಗೆ ಹೋಗಿ ಹೊಗೆ ನೋಡುತ್ತಾ ನಿಂತೆ. ಕೈ ಕಳಚಿಕೊಟ್ಟು ಓಡುವ ಪ್ರಾಣಿ ಎಂದು ಮೊದಲೇ ಹೇಳಿದೆನಲ್ಲ.

ಉತ್ತರ ಪತ್ರಿಕೆ ನೋಡುತ್ತಿದ್ದ ಪರೀಕ್ಷಕರು ಒಂದು ಕಡೆ ನಿಂತರು. ಜೋರಾಗಿ ಓದಿದರು. "'ಈ ವರ್ಗಕ್ಕೆ ಐದು ಕೈಗಳಿರುತ್ತವೆ. ಇದಕ್ಕೆ ಆರು ಇವೆ.' ಯಾರಿದು?" ಎದ್ದು ಹೋಗಿ, ಕನ್ನಡಕ ಹಣೆಗೇರಿಸಿ, ಸೀಸೆಗೆ ಮೂಗು ತಾಗುವಷ್ಟು ಬಗ್ಗಿ ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಕೆಲವು ಜಾತಿಗಳಲ್ಲಿ ಆರು ಇರುತ್ತವೆ ಸಾರ್" ಎಂದೆ. ಸುಳ್ಳಲ್ಲ, ಪುಸ್ತಕದಲ್ಲಿ ಹುಡುಕಿ ಇಟ್ಟುಕೊಂಡಿದ್ದೆ.

"ಇರುತ್ತವೆ. ಆದರೆ ಅವುಗಳ ಕೈಬುಡಕ್ಕೆ ಹೂವಿನ ಗಂಟು ಹಾಕಿರುವುದಿಲ್ಲ."

ಮುಗಿಯಿತು ಎಂದುಕೊಂಡೆ. ಅವರು ಕೂತರು. ಕೆಂಪು ಪೆನ್ನಿನಿಂದ ಮಾದೇವಿಗೆ ಪೂರ್ತಿ ಅಂಕ ಹಾಕಿದರು. ಕಣ್ಣಿನಿಂದ ಬರೆದವಳು ಇವಳೊಬ್ಬಳೇ ಎಂದು ಗೊಣಗಿ, ಐದು ಎಂದು ಬರೆದ ಮಿಕ್ಕವರಿಗೆಲ್ಲ ಅರ್ಧರ್ಧ ಅಂಕ ಕತ್ತರಿಸಿದರು. "ಮುಂದಿನ ವರ್ಷದೊಳಗೆ ಇದನ್ನು ಬದಲಾಯಿಸಿ" ಎಂದಷ್ಟೇ ನನಗೆ ಹೇಳಿದರು. ಪುಸ್ತಕದಲ್ಲಿದ್ದದ್ದನ್ನೇ ಬರೆದು ಅಂಕ ಕಳೆದುಕೊಂಡ ಹುಡುಗರು ಬೇಸಿಗೆ ಪೂರ್ತಿ ನನ್ನ ಜೊತೆ ಮಾತು ಬಿಟ್ಟರು. ಅವರದೇನೂ ತಪ್ಪಿಲ್ಲ.

ಬದಲಾಯಿಸುವ ಪ್ರಸಂಗವೇ ಬರಲಿಲ್ಲ. ಮುಂದಿನ ವರ್ಷ ಸೇರಲು ಮಕ್ಕಳೇ ಬಾರದೆ ನಮ್ಮ ಕಾಲೇಜಿನ ಬಿಎಸ್ಸಿ ಮುಚ್ಚಿತು. ಇದ್ದವರನ್ನು ಚಾಮರಾಜನಗರಕ್ಕೆ, ನಾನು ಸಾಲ ತಂದಿದ್ದ ಕಾಲೇಜಿಗೇ ಕಳಿಸಿದರು. ಸೀಸೆಗಳೂ ಅಲ್ಲಿಗೇ ಹೋದವು. ಹಾಗೆ, ಮುರಿದ ನಕ್ಷತ್ರದ ಬದಲಿಗೆ ಒಂದು ಕೈ ಹೆಚ್ಚಿಗೆಯೇ ಹಿಂದಿರುಗಿತು. ನನಗೆ ಉರಿದುಹೋಯಿತು. ಇಷ್ಟೆಲ್ಲ ಒದ್ದಾಡಿ ಪರೀಕ್ಷೆಯನ್ನು ಊರಿಗೆ ತಂದರೆ, ಕಾಲೇಜೇ ಊರು ಬಿಟ್ಟಿತಲ್ಲ. ರಾಚಯ್ಯ ಇನ್ನು ಕಳಿಸುವುದಿಲ್ಲ ಎಂದು ನಿಶ್ಚಯಿಸಿಕೊಂಡು, ಸಮಾಧಾನ ಹೇಳಲು ಹಂಗಳಕ್ಕೆ ಹೋದೆ. ರಾಚಯ್ಯ ಹೊಲದ ಬದುವಿನ ಮೇಲೆ ಕೂತು ಬೀಡಿ ಸೇದುತ್ತಿದ್ದ.

"ಬಸ್ಸಲ್ಲಿ ಓಗ್ತಾಳೆ ಬುಡಿ ಮೇಷ್ಟ್ರೇ. ಪಾಸ್ ಮಾಡ್ಸಿವ್ನಿ."

"ಮತ್ತೆ ಆವತ್ತು ಸಾಕು ಅಂದಿದ್ದೆ?"

"ಅಂದಿದ್ದೆ. ಆಮೇಲ್ ಒಂದಿನ ಹೂವಿನ್ ಮೂಟೆ ಹೇರ್ಕಂಡು ಬತ್ತಿದ್ದೆ. ನೀವು ಆ ಚಳೀಲಿ ಮೀನ್ ಲಾರಿ ಮ್ಯಾಲೆ ಹತ್ತಿದ್ರಿ, ಬಾಯ್ಗೆ ಲವಂಗ ಮಡೀಕಂಡು." ಬೀಡಿಯನ್ನು ಬದುವಿಗೆ ಉಜ್ಜಿ ಆರಿಸಿದ. "ಮೀನು ಮುಟ್ಟದೋರು ಮೀನ್ ಐಸ್ಗೆ ಕೈ ಆಕ್ತಾವ್ರೆ ಅಂದ್ರೆ ಆ ಓದ್ನಲ್ಲಿ ಏನೋ ಇರ್ಬೇಕು, ಮೈಸೂರ್ಗಾದ್ರೂ ಕಳ್ಸಬುಡನ ಅಂತ ಆವತ್ತೇ ಅನ್ಕಂಡೆ."

"ಆವತ್ತೇ ಯಾಕೆ ಹೇಳಲಿಲ್ಲ ಮಾರಾಯ!"

"ನೀವ್ ಕೇಳ್ಲಿಲ್ವಲ್ಲ."

ಇಷ್ಟು ನೆನಪಾಗುವಷ್ಟರಲ್ಲಿ ಪಂಚೆ ಮೊಣಕಾಲಿಗೆ ಅಂಟಿಕೊಂಡಿತ್ತು. ಮದುವೆ ಮಂಟಪಕ್ಕೆ ಹಾಗೆ ಹೋಗುವಂತಿರಲಿಲ್ಲ. ಮಾದೇವಿಗೆ ಫೋನ್ ಮಾಡಿದೆ. ಈಗ ಅವಳು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ, ಗುಂಡ್ಲುಪೇಟೆಯಲ್ಲೇ ಮನೆ. ಬಾಗಿಲು ತೆಗೆದವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ಮೂಗು ಅರಳಿಸಿ ನಕ್ಕಳು.

"ಇನ್ನೂ ಮೀನ್ ಲಾರಿ ಬುಟ್ಟಿಲ್ವಾ ಸಾ ನೀವು?"

ಗಂಡನ ಪಂಚೆ ಕೊಟ್ಟು, ನನ್ನದನ್ನು ಸೋಪಿನ ನೀರಿಗೆ ಹಾಕಿದಳು. ಟೀ ಕುಡಿಯುತ್ತಾ ಕೇಳಿದೆ, ಆ ಸೀಸೆ ಏನಾಯಿತು ಎಂದು. ಚಾಮರಾಜನಗರದಲ್ಲೇ ಇದೆಯಂತೆ. ಪ್ರತಿ ವರ್ಷ ತನ್ನ ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸುತ್ತಾಳಂತೆ.

"ಅಯ್ಯೋ, ಅದನ್ನ ಯಾಕೆ ತೋರಿಸ್ತೀಯ? ಆರು ಕೈ ಅಂತ ಕಲಿತುಬಿಡ್ತಾವಲ್ಲ!"

"ಮೊದ್ಲೇ ಐದು ಅಂತ ಪಾಠ ಮಾಡಿ ಕರ್ಕೊಂಡೋಗ್ತೀನಿ ಸಾ. ಅಲ್ಲಿ ಸೀಸೆ ಮುಂದೆ ನಿಲ್ಸಿ, ಎಷ್ಟು ಕೈ ಬರೀರಿ ಅಂತೀನಿ. ಐದು ಅಂತ ಬರೆದವರು ನೋಡ್ಲಿಲ್ಲ ಅಂತ ಗೊತ್ತಾಗ್ತದೆ."

"ಆರು ಅಂದವರಿಗೆ?"

"ಅವರಲ್ಲಿ ಯಾವುದಾದ್ರೂ ಒಂದು ಮಗ, 'ಮಿಸ್, ಓದಿದ್ದು ಬರೀಬೇಕಾ, ಕಾಣೋದು ಬರೀಬೇಕಾ' ಅಂತ ಕೇಳೇ ಕೇಳ್ತದೆ." ಅವಳು ನನ್ನ ಲೋಟಕ್ಕೆ ಇನ್ನಷ್ಟು ಟೀ ಬಗ್ಗಿಸಿದಳು. "ನಾನು ಕಿಟಕಿ ಹತ್ರ ಹೋಗಾಕಿಲ್ಲ ಸಾ. ಉತ್ತರ ಹೇಳ್ತೀನಿ."

ಟೀ ಬಿಸಿಯಾಗಿತ್ತು. ನಾಲಿಗೆ ಸುಟ್ಟುಕೊಂಡೆ. ಮುಖ ಕೆಂಪಾದದ್ದಕ್ಕೆ ಅದೇ ಕಾರಣ ಎಂದು ಅವಳು ತಿಳಿದಿರಲಿ ಎಂದುಕೊಂಡು, ಮಾತು ಬದಲಿಸಲು, ಸೀಸೆಯ ಮೇಣ ಇನ್ನೂ ಗಟ್ಟಿಯಾಗಿದೆಯೇ ಎಂದು ವಿಚಾರಿಸಿದೆ.